ಒಂದು ಹಳೇ ಟ್ರೈ-ಆಂಗ್ ಎಂಜಿನ್: ಒಂದರ ಹಿಂದೆ ಒಂದು ಅಡಗಿದ್ದ ಮೂರು ದೋಷ

ಈ ಆಟದ ರೈಲು ಎಂಜಿನ್ ಅಂಗೈ ಮೇಲೆ ಕೂರುವಷ್ಟು ಚಿಕ್ಕದು. ಕಪ್ಪು ಬಣ್ಣ, ಆರು ಚಕ್ರ, ಪಕ್ಕದಲ್ಲಿ 47606 ಅಂತ ನಂಬರು. ಇಂಗ್ಲೆಂಡಿನ ಟ್ರೈ-ಆಂಗ್ ಕಂಪನಿ 1950ರ ದಶಕದಲ್ಲಿ ಮಾಡುತ್ತಿದ್ದ 'ಜಿಂಟಿ' ಟ್ಯಾಂಕ್ ಎಂಜಿನ್ನಿನ (ನೀರಿನ ಟ್ಯಾಂಕು ತನ್ನ ಮೈಮೇಲೇ ಇರುವ ಉಗಿ ಎಂಜಿನ್) ಮಾದರಿ. ಮಾಲೀಕರ ಹೆಸರು, ಊರು, ನನಗಿಂತ ಮೊದಲು ಇದನ್ನು ಬಿಚ್ಚಿದ ಅಂಗಡಿ, ಯಾವುದರ ಗುರುತೂ ಇಲ್ಲಿ ಬರುವುದಿಲ್ಲ. ಹಳೇ ಮೋಟಾರು ಕೈಗೆ ಬಂದಾಗ ಯಾವುದನ್ನು ಮೊದಲು ಮುಟ್ಟಬೇಕು, ಯಾವುದನ್ನು ಕೊನೆಗೆ ಬಿಡಬೇಕು ಅನ್ನುವುದು ಇದರಲ್ಲಿ ಚೆನ್ನಾಗಿ ಕಾಣುತ್ತದೆ. ಅದಕ್ಕೇ ಬರೆದಿಡುತ್ತಿದ್ದೇನೆ.

ಹಿನ್ನೆಲೆ

ಮಾಲೀಕರು ಕರಾವಳಿಯವರು, ನಿವೃತ್ತರಾದ ಹೆಂಗಸು. ಅವರ ತಂದೆ ಅರವತ್ತರ ದಶಕದ ಶುರುವಿನಲ್ಲಿ ಓದಲು ಇಂಗ್ಲೆಂಡಿಗೆ ಹೋಗಿದ್ದರು. ವಾಪಸ್ ಬರುವಾಗ ಹಡಗಿನ ಟ್ರಂಕಿನಲ್ಲಿ ಈ ಟ್ರೇನ್ ಸೆಟ್ ತಂದರು. ಒಂದು ಎಂಜಿನ್, ಮೂರು ಬೋಗಿ, ಸುತ್ತಲೂ ಜೋಡಿಸುವ ಹಳಿ, ಹಳಿಗೆ ಕರೆಂಟ್ ಕೊಟ್ಟು ವೇಗ ಹೊಂದಿಸುವ ಒಂದು ಕಂಟ್ರೋಲರ್. ಮಕ್ಕಳು ದೊಡ್ಡವರಾದ ಮೇಲೆ ಪೆಟ್ಟಿಗೆ ಅಟ್ಟ ಸೇರಿತು. ಕರಾವಳಿಯ ಮಳೆಗಾಲಗಳನ್ನು ಅಲ್ಲೇ ಕಳೆಯಿತು. ಈಗ ಮೊಮ್ಮಗನ ಕಣ್ಣಿಗೆ ಬಿದ್ದು ಕೆಳಗಿಳಿದಿದೆ.

ಟ್ರೈ-ಆಂಗ್ ಬಗ್ಗೆ ಎರಡು ಮಾತು. ರೋವೆಕ್ಸ್ ಅನ್ನುವ ಚಿಕ್ಕ ಪ್ಲಾಸ್ಟಿಕ್ ಕಂಪನಿ 1950ರಲ್ಲಿ ಮಾರ್ಕ್ಸ್ ಆಂಡ್ ಸ್ಪೆನ್ಸರ್ ಮಳಿಗೆಗಳಿಗಾಗಿ ಒಂದು ಟ್ರೇನ್ ಸೆಟ್ ಮಾಡಿತು. ಮರುವರ್ಷ ಲೈನ್ಸ್ ಬ್ರದರ್ಸ್ ಅನ್ನುವ ಆಟಿಕೆ ಕಂಪನಿಯವರು ಅದನ್ನು ಕೊಂಡುಕೊಂಡರು. 1952ರಿಂದ ಟ್ರೈ-ಆಂಗ್ ರೈಲ್ವೇಸ್ ಅನ್ನುವ ಹೆಸರು ಬಂತು, 1954ರಲ್ಲಿ ಕಾರ್ಖಾನೆ ಮಾರ್ಗೇಟ್ ಊರಿಗೆ ಹೋಯಿತು. ಆಗ ಹಾರ್ನ್‌ಬಿ ಡಬ್ಲೊ ಅನ್ನುವ ಎದುರಾಳಿ ಬ್ರಾಂಡಿನ ಎಂಜಿನ್ನುಗಳು ಎರಕದ ಲೋಹದ ಒಡಲಿನವು, ಬೆಲೆ ಜಾಸ್ತಿ. ಟ್ರೈ-ಆಂಗ್ ಪ್ಲಾಸ್ಟಿಕ್ ಒಡಲು ಹಾಕಿ ಸಾಧಾರಣ ಮನೆಗಳ ಕೈಗೆ ಎಟುಕುವಂತೆ ಮಾಡಿತು. ನಿಜವಾದ ಜಿಂಟಿಗಳನ್ನು 1924ರಿಂದ 1931ರವರೆಗೆ ಕಟ್ಟಿದರು, ಒಟ್ಟು 422. ಯಾರ್ಡಿನಲ್ಲಿ ಬೋಗಿ ತಳ್ಳುವ ಕೂಲಿ ಎಂಜಿನ್ನು ಅದು. ಮಾದರಿಯೂ ಹಾಗೇ, ಅಂದಕ್ಕಿಂತ ದುಡಿಮೆಗೆ ಹೆಸರಾದದ್ದು.

ಒಳಗಿದ್ದದ್ದು ಎಕ್ಸ್-04 ಮೋಟಾರು. ಹಳೇ ಬ್ರಿಟಿಷ್ ಮಾದರಿ ರೈಲು ರಿಪೇರಿ ಮಾಡುವವರಿಗೆಲ್ಲ ಇದರ ಪರಿಚಯ ಇರುತ್ತದೆ. 12 ವೋಲ್ಟ್ ಡಿಸಿಯಲ್ಲಿ ಓಡುತ್ತದೆ. ಸುತ್ತಲೂ ಡಬ್ಬಿ ಇಲ್ಲ, ಎಲ್ಲ ತೆರೆದೇ ಕಾಣುತ್ತದೆ. ಒಂದು ತುದಿಯಲ್ಲಿ ಆಲ್ನಿಕೊ ಅಯಸ್ಕಾಂತದ ಗಟ್ಟಿ. ಅಲ್ಯುಮಿನಿಯಂ, ನಿಕಲ್, ಕೋಬಾಲ್ಟ್‌ಗಳನ್ನು ಕಬ್ಬಿಣದ ಜೊತೆ ಸೇರಿಸಿದ ಲೋಹ ಅದು. ಅದರ ಎರಡೂ ಮಗ್ಗುಲಿಗೆ ಕಬ್ಬಿಣದ ಎರಡು ಪೋಲ್ ಪೀಸ್, ಎಲ್ಲವನ್ನೂ ಬಿಗಿಯುವ ಒಂದು ಸ್ಕ್ರೂ. ಪೋಲ್ ಪೀಸ್‌ಗಳ ನಡುವೆ ಮೂರು ಹಲ್ಲಿನ ಆರ್ಮೇಚರ್ ತಿರುಗುತ್ತದೆ. ಒಂದೊಂದು ಹಲ್ಲಿಗೆ ತಂತಿ ಸುತ್ತಿದ ಒಂದೊಂದು ಕಾಯಿಲ್. ಕಾಯಿಲ್‌ಗಳಿಗೆ ಕರೆಂಟ್ ಹಂಚುವ ತಾಮ್ರದ ಕಮ್ಯುಟೇಟರ್ ಕೂಡ ಮೂರು ತುಂಡು, ಅದನ್ನು ಎರಡು ಕಾರ್ಬನ್ ಬ್ರಷ್ ಒತ್ತುತ್ತವೆ. ಬ್ರಷ್ ಎರಡನ್ನೂ ಒತ್ತಿ ಹಿಡಿಯುವುದು ಕೂದಲಿನ ಪಿನ್ನಿನಂತೆ ಬಗ್ಗಿಸಿದ ಒಂದೇ ಸ್ಪ್ರಿಂಗ್. ಈ ಸ್ಪ್ರಿಂಗ್ ನೆನಪಿರಲಿ.

ದೂರು

ಪೆಟ್ಟಿಗೆ ಇಳಿಸಿದ ಮೇಲೆ ಮನೆಯವರು ಅದೇ ಹಳೇ ಕಂಟ್ರೋಲರಿಗೆ ಸಿಕ್ಕಿಸಿ ನೋಡಿದರು. ಎಂಜಿನ್ ಒಂದು ಮೊಳ ಹೋಗಿ ನಿಂತಿತು, ಸುಟ್ಟ ವಾಸನೆ ಬಂತು. ಊರಿನ ಒಂದು ಮಿಕ್ಸಿ ರಿಪೇರಿ ಅಂಗಡಿಗೆ ಕೊಟ್ಟರು. ಅಲ್ಲಿಂದ ವಾಪಸ್ ಬಂದ ಮೇಲೆ ಎಂಜಿನ್ ಅಲುಗಾಡುವುದೇ ಇಲ್ಲ, ಸ್ವಿಚ್ ಹಾಕಿದರೆ ಕಂಟ್ರೋಲರ್ 'ಗುಂಯ್' ಅಂತ ಬಿಸಿಯಾಗುತ್ತದೆ.

ನನ್ನ ಮೇಜಿಗೆ ಬಂದದ್ದು ಆ ಸ್ಥಿತಿಯಲ್ಲಿ. ಜೊತೆಗೆ ಒಂದು ಷರತ್ತೂ ಬಂತು. "ಸರ್, ಓಡದಿದ್ರೂ ಪರವಾಗಿಲ್ಲ. ಆದ್ರೆ ಒಳಗಿನ ಮೋಟಾರು ಅಪ್ಪ ತಂದದ್ದೇ ಇರ್ಲಿ. ಹೊಸದು ಹಾಕ್ಬೇಡಿ." ಮುಂದಿನ ತೀರ್ಮಾನಗಳೆಲ್ಲ ಈ ಮಾತಿನ ಮೇಲೇ ನಿಂತವು. ಇದೊಂದು ಇಲ್ಲದಿದ್ದರೆ ಕೆಲಸ ಒಂದು ಸಂಜೆಯದು: ಇಂಗ್ಲೆಂಡಿನಿಂದ ಇನ್ನೊಂದು ಹಳೇ ಎಕ್ಸ್-04 ತರಿಸಿ ಕೂರಿಸಿದರೆ ಆಯಿತು, ಇವತ್ತಿಗೂ ಸಿಗುತ್ತವೆ. ಇಲ್ಲವೇ ಇವತ್ತಿನ ಚಿಕ್ಕ ಡಬ್ಬಿ ಮೋಟಾರು ಹಾಕಬಹುದಿತ್ತು.

ಮೊದಲು ಮಾಡಿದ್ದು ಹಳೇ ಕಂಟ್ರೋಲರನ್ನು ಪಕ್ಕಕ್ಕಿಟ್ಟದ್ದು. ಅದರ ಮೇನ್ಸ್ ವೈರಿನ ರಬ್ಬರ್ ಬಗ್ಗಿಸಿದ ಕಡೆ ಪುಡಿಯಾಗಿ ಉದುರುತ್ತಿತ್ತು, ಒಳಗಿನ ತಾಮ್ರ ಕಾಣುತ್ತಿತ್ತು. 230 ವೋಲ್ಟಿನ ವಿಷಯ ಅದು. ಅದನ್ನು ಮಗುವಿನ ಕೈಗೆ ಕೊಡುವುದಿರಲಿ, ನಾನೂ ಸಿಕ್ಕಿಸುವುದಿಲ್ಲ. ಅದರ ಬದಲು ಕರೆಂಟಿಗೆ ಮಿತಿ ಹಾಕಬಹುದಾದ ಬೆಂಚ್ ಪವರ್ ಸಪ್ಲೈ ಬಳಸಿದೆ, ಮಿತಿ 1 ಆಂಪಿಯರ್. ಇಂಥ ಕೆಲಸಕ್ಕೆ ಒಂದೇ ಉಪಕರಣ ಕೊಳ್ಳುವುದಾದರೆ ಇದನ್ನೇ ಕೊಳ್ಳಿ ಅನ್ನುತ್ತೇನೆ. ಮೋಟಾರಿನೊಳಗೆ ಏನೇ ಕೆಟ್ಟಿರಲಿ, ಇದು ಮಿತಿ ದಾಟಿ ಸುಡಲು ಬಿಡುವುದಿಲ್ಲ. ಎಷ್ಟು ಕರೆಂಟ್ ಎಳೆಯುತ್ತಿದೆ ಅನ್ನುವುದನ್ನೂ ತೋರಿಸುತ್ತದೆ.

ಮೊದಲ ದೋಷ: ಕಾಣೆಯಾದ ಕೊಳವೆ

ತಂತಿ ಮುಟ್ಟಿಸಿದ ಕೂಡಲೇ ಕರೆಂಟ್ ಮಿತಿಗೆ ಹೋಗಿ ನಿಂತಿತು, ವೋಲ್ಟೇಜ್ ಹೆಚ್ಚುಕಡಿಮೆ ಸೊನ್ನೆಗೆ ಇಳಿಯಿತು. ಮೋಟಾರು ಸಿಕ್ಕಿಕೊಂಡಿದ್ದರೂ ಕರೆಂಟ್ ಏರುತ್ತದೆ, ಆದರೆ ಕಾಯಿಲಿನ ರೆಸಿಸ್ಟೆನ್ಸ್ ಇರುವುದರಿಂದ ವೋಲ್ಟೇಜ್ ಸ್ವಲ್ಪವಾದರೂ ಉಳಿಯಬೇಕು. ಇಲ್ಲಿ ಉಳಿಯಲೇ ಇಲ್ಲ. ಅಂದರೆ ಎಲ್ಲೋ ನೇರ ಶಾರ್ಟ್.

ಎಕ್ಸ್-04ನಲ್ಲಿ ನೇರ ಶಾರ್ಟ್ ಅಂದರೆ ಮೊದಲು ನೋಡಬೇಕಾದದ್ದು ಆ ಸ್ಪ್ರಿಂಗ್. ಒಂದು ಬ್ರಷ್ ಮೋಟಾರಿನ ಚೌಕಟ್ಟಿಗೆ, ಅಲ್ಲಿಂದ ಎಂಜಿನ್ನಿನ ಚಾಸಿಸ್ಸಿಗೆ ಸೇರಿರುತ್ತದೆ. ಇನ್ನೊಂದು ಬೇರೆಯಾಗಿರುತ್ತದೆ, ಅದಕ್ಕೆ ಎದುರು ಹಳಿಯ ಕರೆಂಟ್ ಬರುತ್ತದೆ. ಎರಡನ್ನೂ ಒತ್ತುವುದು ಒಂದೇ ಲೋಹದ ಸ್ಪ್ರಿಂಗ್. ಹಾಗಾಗಿ ಅದರ ಒಂದು ಕಾಲಿಗೆ ಕರೆಂಟ್ ಹರಿಯದ ಚಿಕ್ಕ ಕೊಳವೆ ಹಾಕಿರುತ್ತಾರೆ. ಅರ್ಧ ಇಂಚೂ ಇಲ್ಲದ ಸ್ಲೀವ್. ಅದು ಬಿದ್ದುಹೋದರೆ ಸ್ಪ್ರಿಂಗೇ ಎರಡೂ ಬ್ರಷ್‌ಗಳಿಗೆ ಸೇತುವೆಯಾಗುತ್ತದೆ. ಕರೆಂಟ್ ಆರ್ಮೇಚರ್ ಕಡೆ ತಿರುಗಿಯೂ ನೋಡುವುದಿಲ್ಲ.

ಇಲ್ಲಿ ಆಗಿದ್ದು ಅದೇ. ಹಿಂದಿನವರು ತುಕ್ಕು ಹಿಡಿದ ಹಳೇ ಸ್ಪ್ರಿಂಗ್ ತೆಗೆದು, ಉಕ್ಕಿನ ತಂತಿಯನ್ನು ಅದೇ ಅಳತೆಗೆ ಬಗ್ಗಿಸಿ ಹಾಕಿದ್ದರು. ಕೈಕೆಲಸ ಚೆನ್ನಾಗಿಯೇ ಇತ್ತು. ಸ್ಲೀವ್ ಹಾಕಬೇಕು ಅಂತ ಅವರಿಗೆ ಗೊತ್ತಿರಲಿಲ್ಲ ಅಷ್ಟೆ. ಮಿಕ್ಸಿಯಲ್ಲಿ ಪ್ರತಿ ಬ್ರಷ್ಷಿಗೂ ಬೇರೆ ಬೇರೆ ಸ್ಪ್ರಿಂಗ್, ಬೇರೆ ಬೇರೆ ಗೂಡು. ಮಿಕ್ಸಿ ನೋಡಿದ ಕಣ್ಣಿಗೆ ಇದು ಹೊಳೆಯುವುದು ಕಷ್ಟ. ತೆಳು ವೈರಿನ ಇನ್ಸುಲೇಶನ್ ಸುಲಿದು ಒಂದು ಕಾಲಿಗೆ ತೊಡಿಸಿದೆ. ಶಾರ್ಟ್ ಹೋಯಿತು.

ಈ ಹಂತದಲ್ಲಿ ಅನೇಕರು ಎಂಜಿನ್ ಜೋಡಿಸಿ ವಾಪಸ್ ಕೊಟ್ಟುಬಿಡುತ್ತಾರೆ. ಆದರೆ ಸ್ಪ್ರಿಂಗ್ ಬದಲಾಗುವ ಮೊದಲೇ ಎಂಜಿನ್ ಒಂದು ಮೊಳ ಹೋಗಿ ನಿಂತಿತ್ತು, ಸುಟ್ಟ ವಾಸನೆ ಬಂದಿತ್ತು ಅನ್ನುವುದನ್ನು ಮರೆಯಬಾರದು. ಸ್ಲೀವ್ ಇಲ್ಲದ್ದು ಎರಡನೇ ಕಾಯಿಲೆ. ಮೊದಲನೆಯದು ಇನ್ನೂ ಒಳಗೇ ಇತ್ತು.

ಎಣ್ಣೆ

ಮೋಟಾರನ್ನು ಚಾಸಿಸ್ಸಿನಿಂದ ಬಿಡಿಸಿ ಬೆರಳಲ್ಲಿ ತಿರುಗಿಸಿದರೆ ಶಾಫ್ಟ್ ಬಿಗಿಯಾಗಿತ್ತು. ಬೇರಿಂಗಿನ ಪಕ್ಕ ಎಣ್ಣೆ ಹೀರಿಕೊಳ್ಳಲು ಇಟ್ಟ ಫೆಲ್ಟ್ ತುಂಡು ಗಟ್ಟಿಯಾಗಿ ಕಂದು ಬಣ್ಣಕ್ಕೆ ತಿರುಗಿತ್ತು, ಮುಟ್ಟಿದರೆ ಒಣಗಿದ ಹಲಸಿನ ಮೇಣದ ಹಾಗೆ ಅಂಟು. ಕೇಳಿದಾಗ ತಿಳಿಯಿತು, ಮೊದಲೆಲ್ಲ ಓಡದಾಗ ಮನೆಯಲ್ಲಿ ತೆಂಗಿನೆಣ್ಣೆ ಬಿಡುತ್ತಿದ್ದರಂತೆ. ಕರಾವಳಿ ಮನೆಯಲ್ಲಿ ಬಾಗಿಲ ಕೀಲಿಗೂ ಅದೇ, ತಲೆಗೂ ಅದೇ ಅಲ್ವಾ. ಆದರೆ ತೆಂಗಿನೆಣ್ಣೆ ಸುಮಾರು 24 ಡಿಗ್ರಿಗೆ ಇಳಿದರೆ ಗಟ್ಟಿಯಾಗುತ್ತದೆ. ವರ್ಷಗಟ್ಟಲೆ ದೂಳು ಸೇರಿದರೆ ಅಂಟಾಗಿ ಕೂರುತ್ತದೆ.

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೊಹಾಲ್ ಹತ್ತಿಕಡ್ಡಿಗೆ ಹಾಕಿ ಒರೆಸಿದೆ. ಕಮ್ಯುಟೇಟರಿನ ಮೂರು ಸೀಳುಗಳಲ್ಲಿ ಕಾರ್ಬನ್ ಪುಡಿ ಮತ್ತು ಎಣ್ಣೆ ತುಂಬಿಕೊಂಡಿತ್ತು, ಅದನ್ನು ಮರದ ಹಲ್ಲುಕಡ್ಡಿಯಿಂದ ಕೆರೆದೆ. ಸೂಜಿ ಬೇಡ, ತಾಮ್ರ ಗೀರುತ್ತದೆ. ಎಮರಿ ಕಾಗದವೂ ಬೇಡ, ಉಕ್ಕಿನ ನಾರಂತೂ ಹತ್ತಿರಕ್ಕೂ ಬೇಡ. ಅದರ ಚೂರು ಅಯಸ್ಕಾಂತಕ್ಕೆ ಹಿಡಿದರೆ ಬಿಡಿಸುವುದು ದೊಡ್ಡ ರಗಳೆ. ಇನ್ನೊಂದು: ಆಲ್ಕೊಹಾಲ್ ಎಂಜಿನ್ನಿನ ಒಡಲಿಗೆ ತಗುಲಬಾರದು, ಹಳೇ ಅಕ್ಷರ, ನಂಬರು ಎದ್ದುಹೋಗುತ್ತವೆ. ಒಡಲನ್ನು ಬೇರೆ ಡಬ್ಬದಲ್ಲಿ ಹಾಕಿ ಮುಚ್ಚಿಟ್ಟೇ ಕೆಲಸ ಮಾಡಿದೆ. ಹೊಸ ಫೆಲ್ಟಿಗೆ ಹೊಲಿಗೆ ಮಿಷನ್ನಿನ ಎಣ್ಣೆ, ಒಂದೊಂದು ಕಡೆ ಒಂದೊಂದೇ ತೊಟ್ಟು.

ಈಗ 12 ವೋಲ್ಟ್ ಕೊಟ್ಟಾಗ ಮೋಟಾರು ತಿರುಗಿತು. ಹೊರೆ ಇಲ್ಲದೆ 0.32 ಆಂಪಿಯರ್. ಇಂಥ ಮೋಟಾರಿಗೆ ಅದು ತೀರಾ ಕೆಟ್ಟ ಅಂಕಿ ಅಲ್ಲ. ವೇಗವೂ ಸುಮಾರಾಗಿ ಇತ್ತು. ಆದರೆ ಎರಡು ವಿಷಯ ಸರಿ ಕಾಣಲಿಲ್ಲ. ನಿಲ್ಲಿಸಿ ಮತ್ತೆ ಶುರು ಮಾಡಿದರೆ ಕೆಲವು ಸಲ ಏಳುತ್ತಿರಲಿಲ್ಲ, ಬೆರಳಲ್ಲಿ ಸ್ವಲ್ಪ ತಳ್ಳಬೇಕಿತ್ತು. ತಿರುಗುವ ಶಾಫ್ಟನ್ನು ಎರಡು ಬೆರಳಲ್ಲಿ ಹಿಡಿದರೆ ಸುಮ್ನೆ ನಿಂತುಬಿಡುತ್ತಿತ್ತು.

ಎರಡನೇ ದೋಷ: ಮೂರು ಅಳತೆ, ಒಂದು ದುಪ್ಪಟ್ಟು

ಬ್ರಷ್ ಎತ್ತಿ, ಮಲ್ಟಿಮೀಟರಿನಿಂದ ಕಮ್ಯುಟೇಟರಿನ ಎರಡೆರಡು ತುಂಡುಗಳ ನಡುವೆ ಅಳೆದೆ. ಒಂದು ಮತ್ತು ಎರಡರ ನಡುವೆ 12 ಓಮ್. ಎರಡು ಮತ್ತು ಮೂರರ ನಡುವೆ 12 ಓಮ್. ಮೂರು ಮತ್ತು ಒಂದರ ನಡುವೆ 24.

ಈ ಮೂರು ಅಂಕಿ ಎಲ್ಲವನ್ನೂ ಹೇಳಿಬಿಟ್ಟವು. ಮೂರು ಕಾಯಿಲ್ ತ್ರಿಕೋನದಂತೆ ಜೋಡಿಸಿರುತ್ತವೆ. ಎಲ್ಲ ಸರಿ ಇದ್ದರೆ ಯಾವ ಎರಡು ಮೂಲೆ ಹಿಡಿದರೂ ಒಂದು ದಾರಿಯಲ್ಲಿ ಒಂದು ಕಾಯಿಲ್, ಇನ್ನೊಂದು ದಾರಿಯಲ್ಲಿ ಸಾಲಾಗಿ ಎರಡು ಕಾಯಿಲ್. ಎರಡು ದಾರಿ ಸೇರಿದಾಗ ಒಂದು ಕಾಯಿಲಿನ ಮೂರರಲ್ಲಿ ಎರಡು ಪಾಲು ಬರುತ್ತದೆ. ಕಾಯಿಲ್ 12 ಓಮ್ ಆಗಿದ್ದರೆ ಮೂರೂ ಕಡೆ 8 ಬರಬೇಕು. ಒಂದು ಕಾಯಿಲ್ ಕಡಿದಿದ್ದರೆ ತ್ರಿಕೋನದ ಒಂದು ಬದಿ ಇಲ್ಲವಾಗುತ್ತದೆ. ಆಗ ಎರಡು ಕಡೆ 12, ಕಡಿದ ಕಾಯಿಲಿನ ಎರಡು ತುದಿಗಳ ನಡುವೆ 24. ಪುಸ್ತಕದಲ್ಲಿ ಕೊಡುವ ಲೆಕ್ಕದ ಹಾಗೆ ಬಂದಿತ್ತು.

ಅಳೆಯುವಾಗ ಒಂದೇ ಜಾಗ ನೋಡಿ ಬಿಟ್ಟರೆ ಇದು ಗೊತ್ತಾಗುವುದಿಲ್ಲ. '12 ಓಮ್ ಇದೆ, ಕಾಯಿಲ್ ಸರಿ ಇದೆ' ಅಂತ ಮುಂದೆ ಹೋಗುತ್ತೀರಿ. ಮೂರೂ ಅಳೆಯಬೇಕು. ಮೂರೂ ಒಂದೇ ಇರಬೇಕು.

ಭೂತಗನ್ನಡಿಯಲ್ಲಿ ನೋಡಿದರೆ ಕಾರಣ ಕಾಣಿಸಿತು. ಕಮ್ಯುಟೇಟರಿನಲ್ಲಿ ತಂತಿ ಬೆಸೆಯುವ ಒಂದು ಕಿವಿಯ ಬುಡದಲ್ಲಿ ಹಸಿರು ಕಿಲುಬು. ಯಾವಾಗಲೋ ಯಾರೋ ಅಲ್ಲಿ ಆಸಿಡ್ ಫ್ಲಕ್ಸ್ (ಬೆಸುಗೆ ಹಿಡಿಯಲೆಂದು ಹಚ್ಚುವ ವಸ್ತು) ಹಾಕಿ ಬೆಸುಗೆ ಹಾಕಿದ್ದಾರೆ. ತಗಡಿಗೆ, ಪಾತ್ರೆಗೆ ಅದು ಸರಿ. ಕೂದಲೆಳೆಯ ತಾಮ್ರಕ್ಕೆ ವಿಷ. ಉಳಿದ ಆಸಿಡ್, ಕರಾವಳಿಯ ತೇವ ಎರಡೂ ಸೇರಿ ತಂತಿಯನ್ನು ತಿಂದು ಹಾಕಿದ್ದವು.

ಕಡಿದದ್ದು ಕಾಯಿಲಿನ ಹೊರ ತುದಿಯಾಗಿದ್ದರೆ ಒಂದು ಸುತ್ತು ಬಿಚ್ಚಿ, ಆ ತಂತಿಯನ್ನೇ ಎಳೆದು ಬೆಸೆಯಬಹುದಿತ್ತು. ಒಂದು ಸುತ್ತು ಕಡಿಮೆಯಾದರೆ ಏನೂ ಆಗುವುದಿಲ್ಲ. ಆದರೆ ಇದು ಒಳ ತುದಿ, ಎಲ್ಲ ಸುತ್ತುಗಳ ಅಡಿಯಿಂದ ಹೊರಟದ್ದು. ಅದನ್ನು ಹಿಡಿಯಬೇಕಾದರೆ ಪೂರ್ತಿ ಬಿಚ್ಚಲೇಬೇಕು.

ಅಯಸ್ಕಾಂತದ ಮುಂದೆ ನಿಂತದ್ದು

ರೀವೈಂಡಿಂಗ್ ಅಂದರೆ ಆರ್ಮೇಚರ್ ಹೊರಗೆ ಬರಬೇಕು. ಹಳೇ ಮೋಟಾರುಗಳಲ್ಲಿ ಜಾಸ್ತಿ ಹಾನಿ ಆಗುವುದು ಇಲ್ಲಿಯೇ. ಆಲ್ನಿಕೊ ಬಲವಾದ ಅಯಸ್ಕಾಂತವೇ, ಆದರೆ ಅದರ ಬಲ ಸುಲಭವಾಗಿ ಸೋರುತ್ತದೆ. ಒಂದು ಧ್ರುವದಿಂದ ಇನ್ನೊಂದಕ್ಕೆ ಕಬ್ಬಿಣದ ದಾರಿ ಇರುವವರೆಗೆ ಗಟ್ಟಿ. ಆರ್ಮೇಚರ್ ಎಳೆದರೆ ಆ ದಾರಿಯಲ್ಲಿ ಗಾಳಿಯ ಕಂದಕ. ಅಯಸ್ಕಾಂತವನ್ನೇ ಬಿಚ್ಚಿ ಮೇಜಿನ ಮೇಲಿಟ್ಟರೆ ಇನ್ನೂ ಕೆಟ್ಟದು. ಮತ್ತೆ ಜೋಡಿಸಿದಾಗ ಹೋದ ಬಲ ವಾಪಸ್ ಬರುವುದಿಲ್ಲ. ಇವತ್ತಿನ ನಿಯೋಡಿಮಿಯಂ ಅಯಸ್ಕಾಂತಕ್ಕೆ ಈ ತೊಂದರೆ ಇಲ್ಲ, ಅದನ್ನು ಜೇಬಿನಲ್ಲಿ ಹಾಕಿಕೊಂಡು ಓಡಾಡಬಹುದು.

ಈ ಮೋಟಾರಿನ ಬಿಗಿ ಸ್ಕ್ರೂವಿನ ತಲೆ ಆಗಲೇ ಸವೆದಿತ್ತು, ಸ್ಕ್ರೂಡ್ರೈವರ್ ಜಾರಿದ ಗೆರೆ ಇತ್ತು. ಅಂದರೆ ಯಾರೋ ಮೊದಲೇ ಬಿಚ್ಚಿದ್ದಾರೆ. ಇನ್ನೊಂದು ಸುಳಿವೂ ಸಿಕ್ಕಿತ್ತು. ಒಳ್ಳೇ ಸ್ಥಿತಿಯ ಮೂರು ಹಲ್ಲಿನ ಮೋಟಾರನ್ನು ಬೆರಳಲ್ಲಿ ತಿರುಗಿಸಿದರೆ ಒಂದು ಸುತ್ತಿಗೆ ಆರು ಕಡೆ ಸಣ್ಣಗೆ ತಡೆದು, ಮುಂದಕ್ಕೆ ಹಾರಿದ ಹಾಗೆ ಆಗುತ್ತದೆ. ಅಂಟೆಣ್ಣೆ ಇದ್ದಾಗ ಅದನ್ನು ತಿಳಿಯುವ ಹಾಗೆಯೇ ಇರಲಿಲ್ಲ. ಎಣ್ಣೆ ತೆಗೆದ ಮೇಲೆ ನೋಡಿದರೆ ತಡೆ ಇತ್ತು, ಆದರೆ ತೀರಾ ಮೆತ್ತಗೆ. ಅಯಸ್ಕಾಂತ ಸೊರಗಿರಬೇಕು ಅಂತ ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ.

ಹಾಗಾದರೆ ಮೊದಲು ಯಾವುದು? ಅಯಸ್ಕಾಂತಕ್ಕೆ ಮೊದಲು ಜೀವ ಕೊಟ್ಟು ಆಮೇಲೆ ಆರ್ಮೇಚರ್ ಎಳೆದರೆ ಕೊಟ್ಟ ಜೀವ ಮತ್ತೆ ಸೋರುತ್ತದೆ. ಆದ್ದರಿಂದ ಕಾಯಿಲ್ ಮೊದಲು, ಅಯಸ್ಕಾಂತ ಕೊನೆಗೆ. ಇರುವ ಬಲವನ್ನಾದರೂ ಉಳಿಸಲು, ಆರ್ಮೇಚರ್ ಜಾರಿ ಹೊರಬರುವ ಮುಂಚೆಯೇ ಎರಡು ಪೋಲ್ ಪೀಸ್‌ಗಳ ಮೇಲೆ ಅಡ್ಡಕ್ಕೆ ಮೆದು ಕಬ್ಬಿಣದ ಪಟ್ಟಿ ಕೂರಿಸಿದೆ. ಇದಕ್ಕೆ ಕೀಪರ್ ಅನ್ನುತ್ತಾರೆ. ಹಾರ್ನ್‌ಬಿ ಡಬ್ಲೊ ಎಂಜಿನ್ನುಗಳಿಗೂ ಇದೇ ನಿಯಮ, ಯುದ್ಧಕ್ಕೆ ಮುಂಚಿನ ಲಾಳದಾಕಾರದ ಅಯಸ್ಕಾಂತ ಇರುವವಕ್ಕಂತೂ ಇನ್ನೂ ಕಡ್ಡಾಯ.

ಸುತ್ತುವ ಕೆಲಸ

ಕರ್ನಾಟಕದ ಯಾವ ಊರಿನಲ್ಲೂ ಪಂಪ್‌ಸೆಟ್ ವೈಂಡಿಂಗ್ ಅಂಗಡಿಗೆ ಬರ ಇಲ್ಲ. ಆದರೆ ಬೋರ್‌ವೆಲ್ ಮೋಟಾರು ಸುತ್ತುವ ಕೈಗೆ ಇದು ತೀರಾ ಸಣ್ಣದು. ಮಿಕ್ಸಿ ಮತ್ತು ಕೈ ಡ್ರಿಲ್ಲಿನ ಆರ್ಮೇಚರ್ ಸುತ್ತುವ ಒಬ್ಬ ಹಿರಿಯರ ಹತ್ತಿರ ಹೋದೆ. ಅವರು ಕನ್ನಡಕ ಏರಿಸಿ, ಬೆರಳ ತುದಿಯಲ್ಲಿ ಹಿಡಿದು ನೋಡಿ, "ಇದೇನ್ ಸಾರ್, ಆಟದ ಸಾಮಾನಾ? ಸುತ್ತೋಕೆ ಜಾಗಾನೇ ಇಲ್ವಲ್ಲ" ಅಂದರು. ಆಮೇಲೆ ಅವರಿಗೇ ಆಸೆ ಹುಟ್ಟಿತು. ದುಡ್ಡಿನ ಮಾತು ಕೊನೆವರೆಗೂ ಎತ್ತಲಿಲ್ಲ.

ಇಲ್ಲಿ ಒಂದು ಚರ್ಚೆ ನಡೆಯಿತು. ಕಡಿದ ಒಂದು ಕಾಯಿಲ್ ಮಾತ್ರ ಸುತ್ತಿದರೆ ಸಾಕಲ್ಲ ಅಂತ ಅವರು. ಮೂರನ್ನೂ ಸುತ್ತಿ ಅಂತ ನಾನು. ಹಳೇ ತಂತಿಯ ಗೇಜಿಗೆ ಸರಿಯಾದ ತಂತಿ ಅವರಲ್ಲಿ ಇರಲಿಲ್ಲ, ಕೂದಲಷ್ಟು ಬೇರೆ ದಪ್ಪದ್ದು ಇತ್ತು. ಒಂದೇ ಕಾಯಿಲ್ ಬೇರೆ ತಂತಿಯದ್ದಾದರೆ ಅದರ ಓಮ್ ಬೇರೆ, ಎಳೆತ ಬೇರೆ, ತೂಕವೂ ಬೇರೆ. ಪ್ರತಿ ಸುತ್ತಿಗೂ ಒಂದು ಕಡೆ ಕುಂಟುತ್ತದೆ. ಉಳಿದ ಎರಡರ ತಂತಿಯ ಮೇಲಿನ ಲೇಪ, ಅಂದರೆ ಎನಾಮಲ್ಲೂ, ಒಂದು ಸಲ ಬಿಸಿ ಕಂಡದ್ದೇ. ಅವರು ಒಪ್ಪಿದರು. ಹಳೇ ಕಾಯಿಲ್ ಬಿಚ್ಚುವಾಗ ಸುತ್ತು ಎಣಿಸಿದೆವು, ಯಾವ ದಿಕ್ಕಿಗೆ ಸುತ್ತಿದೆ ಅಂತ ಚಿತ್ರ ಬರೆದುಕೊಂಡೆವು. ತಂತಿಯ ದಪ್ಪವನ್ನು ಎನಾಮಲ್ ಕೆರೆದ ಮೇಲೆ ಮೈಕ್ರೋಮೀಟರಿನಲ್ಲಿ ಅಳೆದೆವು. ಎನಾಮಲ್ ಸಮೇತ ಅಳೆದರೆ ಒಂದು ಗೇಜ್ ದಪ್ಪ ತೋರಿಸಿಬಿಡುತ್ತದೆ. ಕೊನೆಗೆ ಸರಿಯಾದ ಗೇಜನ್ನೇ ಅವರು ಇನ್ನೊಂದು ಅಂಗಡಿಯಿಂದ ತರಿಸಿದರು. ಬೆಸುಗೆಗೆ ರೋಸಿನ್ ಫ್ಲಕ್ಸ್, ಮೇಲೆ ತೆಳ್ಳಗೆ ವಾರ್ನಿಶ್.

ಹೊಸ ಅಳತೆ: ಮೂರೂ ಕಡೆ 8 ಓಮ್, ದಶಾಂಶದಲ್ಲಷ್ಟೇ ವ್ಯತ್ಯಾಸ. ಕಾಯಿಲಿನಿಂದ ಕಬ್ಬಿಣದ ಹಲ್ಲಿಗೆ, ಶಾಫ್ಟಿಗೆ ಎಲ್ಲೂ ಸಂಪರ್ಕ ಇಲ್ಲ.

ಮೂರನೇ ದೋಷ ಹೊರಬಂದದ್ದು

ಈ ಪ್ರಕರಣದ ತಿರುವು ಇಲ್ಲಿದೆ. ಜೋಡಿಸಿ 12 ವೋಲ್ಟ್ ಕೊಟ್ಟರೆ ಮೋಟಾರು ಕಿರುಚಿಕೊಂಡು ತಿರುಗಿತು. ಹೊರೆಯೇ ಇಲ್ಲದೆ 0.55 ಆಂಪಿಯರ್, ಮೊದಲಿಗಿಂತ ಜಾಸ್ತಿ. ಸ್ವಲ್ಪ ಹೊತ್ತಿಗೆ ಆರ್ಮೇಚರ್ ಮುಟ್ಟಲಾಗದಷ್ಟು ಬಿಸಿ. ಇಷ್ಟು ವೇಗ ಇದ್ದರೂ ಬೆರಳಲ್ಲಿ ಹಿಡಿದರೆ ಹಿಂದಿನಂತೆಯೇ ನಿಂತುಬಿಡುತ್ತಿತ್ತು.

ವೈಂಡಿಂಗ್ ಹಿರಿಯರಿಗೆ ಬೇಸರವಾಯಿತು. ಸುತ್ತು ಕಡಿಮೆ ಬಿತ್ತೇನೋ, ಒಳಗೆ ಎರಡು ಸುತ್ತು ಒಂದಕ್ಕೊಂದು ತಾಗಿದೆಯೇನೋ ಅಂತ ಅವರ ಅನುಮಾನ. ಸುತ್ತು ತಾಗಿದ್ದರೆ ಆ ಕಾಯಿಲಿನ ಓಮ್ ಇಳಿಯಬೇಕು, ಮೂರು ಅಳತೆಯಲ್ಲಿ ಒಂದಾದರೂ ಬೇರೆಯಾಗಬೇಕು. ಮೂರೂ ಒಂದೇ ಇತ್ತು. ವೈಂಡಿಂಗ್ ಸರಿ.

ಅತಿ ವೇಗ, ಅತಿ ಕರೆಂಟ್, ಬಲ ಮಾತ್ರ ಇಲ್ಲ. ಈ ಮೂರೂ ಒಟ್ಟಿಗೆ ಬಂದರೆ ಅಯಸ್ಕಾಂತ ಸೊರಗಿದೆ ಅಂತಲೇ ಅರ್ಥ. ತಿರುಗುವ ಆರ್ಮೇಚರ್ ಅಯಸ್ಕಾಂತದ ಕ್ಷೇತ್ರದಲ್ಲಿ ತಾನೇ ಒಂದು ಎದುರು ವೋಲ್ಟೇಜ್ ಹುಟ್ಟಿಸುತ್ತದೆ. ಒಳಗೆ ಬರುವ ಕರೆಂಟನ್ನು ತಡೆಹಿಡಿಯುವುದು ಅದೇ. ಅಯಸ್ಕಾಂತ ಸೊರಗಿದರೆ ಅಷ್ಟೇ ಎದುರು ವೋಲ್ಟೇಜ್ ಹುಟ್ಟಿಸಲು ಮೋಟಾರು ಇನ್ನೂ ಜೋರಾಗಿ ತಿರುಗಬೇಕಾಗುತ್ತದೆ. ಒಂದು ಆಂಪಿಯರಿಗೆ ಸಿಗುವ ಎಳೆತವೂ ಕಡಿಮೆ, ಹಾಗಾಗಿ ಸುಮ್ನೆ ತಿರುಗಲೂ ಕರೆಂಟ್ ಜಾಸ್ತಿ ಬೇಕು. ನೋಡುವವರಿಗೆ 'ಅಬ್ಬಾ ಎಷ್ಟು ಜೋರು' ಅನ್ನಿಸುತ್ತದೆ. ಎರಡು ಬೋಗಿ ಕಟ್ಟಿದರೆ ಏದುಸಿರು ಬಿಡುತ್ತದೆ.

ಹಾಗಾದರೆ ಮೊದಲೇ ಯಾಕೆ ಕಾಣಲಿಲ್ಲ? ಕಡಿದ ಕಾಯಿಲ್ ಮೋಟಾರಿನ ರೆಸಿಸ್ಟೆನ್ಸ್ ಏರಿಸಿತ್ತು, ವೇಗ ಇಳಿಸಿತ್ತು. ಸೊರಗಿದ ಅಯಸ್ಕಾಂತ ವೇಗ ಏರಿಸುತ್ತಿತ್ತು. ಎರಡು ದೋಷ ಒಂದನ್ನೊಂದು ಎಳೆದು ನಡುವಿನ ಒಂದು ಅಂಕಿಗೆ ತಂದು ನಿಲ್ಲಿಸಿದ್ದವು. 0.32 ಆಂಪಿಯರ್, ಸುಮಾರಾದ ವೇಗ. ಒಂದು ದೋಷ ಸರಿಯಾದ ಕೂಡಲೇ ಇನ್ನೊಂದಕ್ಕೆ ಮರೆ ಇಲ್ಲದಾಯಿತು. ರಿಪೇರಿ ಮಾಡಿದ ಮೇಲೆ ಅಂಕಿ ಕೆಟ್ಟರೆ ರಿಪೇರಿಯೇ ಕೆಟ್ಟಿತು ಅಂದುಕೊಂಡು ಅದನ್ನೇ ಮತ್ತೆ ಬಿಚ್ಚುವುದು ಸಹಜ. ಇಲ್ಲಿ ಹಾಗೆ ಮಾಡಿದ್ದರೆ ಒಳ್ಳೇ ವೈಂಡಿಂಗ್ ಹಾಳಾಗುತ್ತಿತ್ತು. ಮೂರು ಸಮ ಅಳತೆ ಕೈಯಲ್ಲಿದ್ದದ್ದರಿಂದ ಉಳಿಯಿತು.

ಹೊಸ ಅಯಸ್ಕಾಂತವೋ, ಹಳೆಯದಕ್ಕೇ ಚಾರ್ಜೋ?

ಎರಡು ದಾರಿ. ಆಲ್ನಿಕೊ ತೆಗೆದು ಆ ಜಾಗದಲ್ಲಿ ಚಿಕ್ಕ ನಿಯೋಡಿಮಿಯಂ ತುಂಡು, ಉಳಿದ ಸಂದಿಗೆ ಕಬ್ಬಿಣದ ತುಂಡು. ಅಗ್ಗ, ಸುಲಭ, ಅನೇಕರು ಮಾಡುತ್ತಾರೆ. ಮತ್ತೆ ಯಾವತ್ತೂ ಸೊರಗುವುದಿಲ್ಲ. ಆದರೆ ಅತಿ ಬಲವಾದರೆ ಆ ಆರು ತಡೆಗಳು ಗಟ್ಟಿಯಾಗಿ, ಎಂಜಿನ್ ನಿಧಾನಕ್ಕೆ ಹೊರಡುವ ಬದಲು ಜಿಗಿದು ಹೊರಡುತ್ತದೆ. ಯಾರ್ಡಿನಲ್ಲಿ ತೆವಳಬೇಕಾದ ಜಿಂಟಿಗೆ ಅದು ಸರಿಹೋಗದು. ಎರಡನೇ ದಾರಿ, ಹಳೆಯದನ್ನೇ ಮತ್ತೆ ಚಾರ್ಜ್ ಮಾಡುವುದು.

ಮಾಲೀಕರಿಗೆ ಫೋನ್ ಮಾಡಿ ಎರಡನ್ನೂ ವಿವರಿಸಿದೆ. ತಂತಿ ಬದಲಾಗಿದೆ ಅಂತಲೂ ಹೇಳಿದೆ. ಅವರು ಸ್ವಲ್ಪ ಯೋಚಿಸಿ, "ತಂತಿ ಬಿಡಿ ಸರ್, ಅದು ಸವೆಯೋ ವಸ್ತು. ಅಯಸ್ಕಾಂತ ಹಳೇದೇ ಇರ್ಲಿ" ಅಂದರು. ಯಾವುದು ಮೂಲ, ಯಾವುದು ಬದಲಾಯಿಸಬಹುದಾದದ್ದು ಅನ್ನುವುದಕ್ಕೆ ನನ್ನ ಹತ್ತಿರ ಇದಕ್ಕಿಂತ ಒಳ್ಳೇ ಅಳತೆಗೋಲು ಇರಲಿಲ್ಲ.

ಹಳೇ ಸ್ಕೂಟರ್ ಮ್ಯಾಗ್ನೆಟೊ ಮತ್ತು ಸ್ಪೀಕರ್ ಅಯಸ್ಕಾಂತ ಚಾರ್ಜ್ ಮಾಡುವ ಒಂದು ಕಡೆ ಸಿಕ್ಕಿತು. ಅವರ ಪದ್ಧತಿ ಅಂದರೆ ಅಯಸ್ಕಾಂತವನ್ನು ಬಿಚ್ಚಿ, ಯಂತ್ರದ ದವಡೆಯಲ್ಲಿಟ್ಟು, ಕ್ಷಣಮಾತ್ರ ದೊಡ್ಡ ಕರೆಂಟ್ ಬಿಡುವುದು. ಬಿಚ್ಚುವುದಕ್ಕೆ ನಾನು ಒಪ್ಪಲಿಲ್ಲ. ಬಿಡಿಯಾಗಿ ಚಾರ್ಜ್ ಮಾಡಿ ಹೊರತೆಗೆದ ಆಲ್ನಿಕೊ, ಮೋಟಾರಿಗೆ ಕೂರಿಸುವ ಮುಂಚೆಯೇ ಒಂದು ಪಾಲು ಕಳೆದುಕೊಳ್ಳುತ್ತದೆ. ಮೋಟಾರು ಪೂರ್ತಿ ಜೋಡಿಸಿರಬೇಕು, ಆರ್ಮೇಚರ್ ಒಳಗೇ ಇರಬೇಕು, ಹಾಗೆಯೇ ದವಡೆಗೆ ಹೋಗಬೇಕು. ಅಂತರ ತುಂಬಲು ಮೆದು ಕಬ್ಬಿಣದ ಎರಡು ತುಂಡು ಅಯಸ್ಕಾಂತದ ಅಳತೆಗೆ ಅರದಲ್ಲಿ ಉಜ್ಜಿ ತಂದಿದ್ದೆ. ಅವು ಎರಡೂ ಪಕ್ಕದಲ್ಲಿ ಪೋಲ್ ಪೀಸಿನ ಮೇಲೆ ಕೂತವು. ಹಳೇ ಧ್ರುವ ಯಾವ ಕಡೆ ಅಂತ ದಿಕ್ಸೂಚಿಯಿಂದ ನೋಡಿ ಮೊದಲೇ ಗುರುತು ಹಾಕಿದ್ದೆ. ಉಲ್ಟಾ ಚಾರ್ಜ್ ಆದರೆ ಮೋಟಾರು ಕೆಡುವುದಿಲ್ಲ, ಆದರೆ ಕಂಟ್ರೋಲರಿನಲ್ಲಿ ಮುಂದೆ ಅಂದರೆ ಎಂಜಿನ್ ಹಿಂದೆ ಹೋಗುತ್ತದೆ. ಬಲಗಡೆ ಹಳಿಗೆ ಪ್ಲಸ್ ಕೊಟ್ಟರೆ ಮುಂದೆ ಹೋಗಬೇಕು ಅನ್ನುವುದು ರೂಢಿ.

ಕರೆಂಟ್ ಬಿಟ್ಟಾಗ 'ಟಪ್' ಅಂತ ಒಂದು ಸದ್ದು. ಹೊರತೆಗೆದು ಶಾಫ್ಟನ್ನು ಹೆಬ್ಬೆರಳಲ್ಲಿ ತಿರುಗಿಸಿದೆ. ಆರು ತಡೆ ಒಂದೊಂದಾಗಿ ಕೈಗೆ ಸಿಕ್ಕವು.

ಫಲ

12 ವೋಲ್ಟಿನಲ್ಲಿ ಹೊರೆ ಇಲ್ಲದೆ 0.2 ಆಂಪಿಯರ್. ಕಿರುಚಾಟ ಹೋಗಿ ವೇಗ ಇಳಿದಿತ್ತು. ಬೆರಳಲ್ಲಿ ಹಿಡಿದರೆ ಶಾಫ್ಟ್ ಜಗ್ಗುತ್ತಿತ್ತು. ಸವೆದ ಬ್ರಷ್ ತೆಗೆದು ಹೊಸದು ಹಾಕಿದ್ದೆ, ಅದು ಕಮ್ಯುಟೇಟರಿನ ಬಾಗಿಗೆ ಒಗ್ಗಲು ಅರ್ಧ ವೋಲ್ಟೇಜಿನಲ್ಲಿ ಎರಡೂ ದಿಕ್ಕಿಗೆ ಓಡಿಸಿದೆ. ಆಮೇಲೆ ಚಾಸಿಸ್ಸಿಗೆ ಕೂರಿಸಿದೆ, ವರ್ಮ್ ಮತ್ತು ಗೇರಿಗೆ ಚಿಟಿಕೆ ಗ್ರೀಸ್, ಚಕ್ರದ ಅಂಚಿನ ಕಪ್ಪು ಕೊಳೆ ಒರೆಸಿದ್ದು. ಈ ಭಾಗದಲ್ಲಿ ಹೇಳುವಂಥದ್ದೇನೂ ಇಲ್ಲ, ಎಲ್ಲ ಮಾಮೂಲಿ. ಮೂರು ಬೋಗಿ ಎಳೆಯುವಾಗ 0.4ರ ಆಸುಪಾಸು, ಮೋಟಾರು ಬೆಚ್ಚಗೆ ಅಷ್ಟೆ.

ಪೂರ್ತಿ ಸರಿಯಾಯಿತು ಅನ್ನಲಾರೆ. ಕಮ್ಯುಟೇಟರ್ ಸವೆದು ಸ್ವಲ್ಪ ಅಂಡಾಕಾರ ಆಗಿದೆ. ಪೂರ್ತಿ ವೇಗದಲ್ಲಿ ಒಂದು ಬ್ರಷ್ಷಿನ ಕೆಳಗೆ ನೀಲಿ ಕಿಡಿ ಕಾಣುತ್ತದೆ. ಲೇತಿಗೆ ಹಾಕಿ ದುಂಡಗೆ ಮಾಡಬಹುದು, ಆದರೆ ಉಳಿದಿರುವ ತಾಮ್ರವೇ ತೆಳು. ಒಂದು ಸಲ ಕೆರೆದರೆ ಮುಂದಿನ ಸಲಕ್ಕೆ ಏನೂ ಇರುವುದಿಲ್ಲ. ಹಾಗೇ ಬಿಟ್ಟೆ. ಮುಕ್ಕಾಲು ವೇಗ ದಾಟಿಸಬೇಡಿ ಅಂತ ಹೇಳಿದ್ದೇನೆ.

ಈ ಎಂಜಿನ್ನಿನ ನಂತರ ನನ್ನ ನೋಟ್‌ಬುಕ್ಕಿನ ಪುಟ ಬದಲಾಗಿದೆ. ಮೊದಲು ಕರೆಂಟ್ ಮಾತ್ರ ಬರೆಯುತ್ತಿದ್ದೆ. ಈಗ ಒಂದು ಸಾಲಿನಲ್ಲಿ ನಾಲ್ಕು ಸಂಗತಿ: ಹೊರೆ ಇಲ್ಲದ ಕರೆಂಟ್, ವೇಗ, ಕಮ್ಯುಟೇಟರಿನ ಮೂರು ಅಳತೆ, ಬೆರಳಿಗೆ ಸಿಗುವ ತಡೆ. ವೇಗ ಅಳೆಯಲು ಕಡಿಮೆ ಬೆಲೆಯ ಟ್ಯಾಕೊಮೀಟರ್, ಶಾಫ್ಟಿಗೆ ಬಿಳಿ ಚುಕ್ಕೆ ಸಾಕು. ಬಿಚ್ಚುವ ಮುಂಚೆ ಒಂದು ಸಲ, ಪ್ರತಿ ದೋಷ ಸರಿಮಾಡಿದ ಮೇಲೆ ಒಂದು ಸಲ ಬರೆಯುತ್ತೇನೆ. ಬಿಗಿ ಸ್ಕ್ರೂವಿನ ತಲೆಯ ಫೋಟೋ ಕೂಡ ತೆಗೆಯುತ್ತೇನೆ. ಹಿಂದೆ ಯಾರಾದರೂ ಕೈಹಾಕಿದ್ದಾರೋ ಇಲ್ಲವೋ ಅನ್ನುವುದನ್ನು ಅದಕ್ಕಿಂತ ಚೆನ್ನಾಗಿ ಯಾರೂ ಹೇಳುವುದಿಲ್ಲ.

ಎಂಜಿನ್ ಜೊತೆಗೆ ಹಳೇ ಸ್ಪ್ರಿಂಗ್, ಬಿಚ್ಚಿದ ತಂತಿಯ ಸುರುಳಿ, ಸವೆದ ಬ್ರಷ್ ಎಲ್ಲವನ್ನೂ ಒಂದು ಚಿಕ್ಕ ಕವರಿನಲ್ಲಿ ಹಾಕಿ, ಏನೇನು ಬದಲಾಗಿದೆ ಅಂತ ಚೀಟಿ ಬರೆದು ಕೊಟ್ಟೆ. ಮುಂದೆ ಇದನ್ನು ಬಿಚ್ಚುವವರಿಗಾಗಿ ಚೀಟಿಯ ಮೇಲ್ಗಡೆ 'ಆರ್ಮೇಚರ್ ತೆಗೆಯುವ ಮುಂಚೆ ಕೀಪರ್ ಹಾಕಿ' ಅಂತ ಕೆಂಪಕ್ಷರದಲ್ಲಿದೆ. ಓಡಿಸಲು ಹೊಸ 12 ವೋಲ್ಟಿನ ಕಂಟ್ರೋಲರ್ ಕೊಳ್ಳಲು ಹೇಳಿದೆ. ಹಳೆಯದನ್ನು ಎಸೆಯಲು ಅವರಿಗೆ ಮನಸ್ಸಾಗಲಿಲ್ಲ. ಪೆಟ್ಟಿಗೆಯಲ್ಲಿ ಅದರ ಜಾಗದಲ್ಲೇ ಇರಲಿ ಅಂತ, ಪ್ಲಗ್ ಕತ್ತರಿಸಿ ವಾಪಸ್ ಕೊಟ್ಟೆ.